‘ಇಸ್’: ಇರುವುದು, ಆಗಿರುವುದು, ಒಂದೇ ಆಗಿರುವುದು

ಇಂಗ್ಲಿಷಿನಲ್ಲಿ ಅತಿ ಹೆಚ್ಚು ಬಳಕೆಯಾಗುವ ಕ್ರಿಯಾಪದ ‘ಬಿ’. ಅದರ ವರ್ತಮಾನಕಾಲದ ಪ್ರಥಮಪುರುಷ ಏಕವಚನ ರೂಪ ‘ಇಸ್’. ಎರಡೇ ಅಕ್ಷರಗಳ ಈ ಪದ ದಿನಬಳಕೆಯಲ್ಲಿ ಬೇರೆಬೇರೆ ಕೆಲಸಗಳನ್ನು ಮಾಡುತ್ತದೆ. ‘ದೇರ್ ಇಸ್ ಎ ಗಾಡ್’ ಎಂಬಲ್ಲಿ ಅದು ದೇವರು ಇದ್ದಾನೆ ಎಂದು ಅಸ್ತಿತ್ವವನ್ನು ಸಾರುತ್ತದೆ. ‘ಮಿಲ್ಕ್ ಇಸ್ ವೈಟ್’ ಎಂಬಲ್ಲಿ ಹಾಲಿಗೆ ಒಂದು ಗುಣವನ್ನು ಹೇಳುತ್ತದೆ. ಹಸು ಒಂದು ಪ್ರಾಣಿ ಎನ್ನುವಾಗ ಹಸುವನ್ನು ಒಂದು ವರ್ಗಕ್ಕೆ ಸೇರಿಸುತ್ತದೆ. ಬೆಳಗಿನ ಬೆಳ್ಳಿಯೇ ಸಂಜೆಯ ಚುಕ್ಕಿ ಎನ್ನುವಾಗ, ಎರಡೂ ಶುಕ್ರಗ್ರಹವೇ ಆದ್ದರಿಂದ, ಎರಡು ಹೆಸರುಗಳ ಹಿಂದಿರುವ ವಸ್ತು ಒಂದೇ ಎಂಬ ಅಭೇದವನ್ನು ತಿಳಿಸುತ್ತದೆ. ವಿಗ್ರಹ ಕಂಚಿನದು, ಬೀಗದ ಕೈ ಬಾಗಿಲಲ್ಲಿದೆ, ಸೀರೆಗೆ 2000 ರೂಪಾಯಿ, ಇವತ್ತು ಸೋಮವಾರ: ಇಷ್ಟಕ್ಕೂ ಇಂಗ್ಲಿಷಿನಲ್ಲಿ ಒಂದೇ ಪದ ಸಾಕು. ಗೋಡೆಯ ಮೇಲಿನ ಫೋಟೊ ತೋರಿಸಿ ‘ದಿಸ್ ಇಸ್ ಮೈ ಗ್ರ್ಯಾಂಡ್‌ಫಾದರ್’ ಎಂದವರನ್ನು ಯಾರೂ ಸುಳ್ಳುಗಾರರೆನ್ನುವುದಿಲ್ಲ. ಅಲ್ಲಿ ‘ಇಸ್’ ಎಂದರೆ ‘ಸೂಚಿಸುತ್ತದೆ’ ಎಂದು ಎಲ್ಲರಿಗೂ ಗೊತ್ತು. ನಡೆಯುತ್ತಿರುವ ಕೆಲಸವನ್ನು ಹೇಳಲು, ಕರ್ಮಣಿ ಪ್ರಯೋಗ ಕಟ್ಟಲು ಸಹಾಯಕ ಕ್ರಿಯಾಪದವಾಗಿಯೂ ಅದು ದುಡಿಯುತ್ತದೆ. ಆದರೆ ಆ ಬಳಕೆಗಳಿಂದ ಯಾವ ಮತಭೇದವೂ ಹುಟ್ಟಿಲ್ಲ. ತತ್ತ್ವಜ್ಞಾನದಲ್ಲೂ ಧರ್ಮದಲ್ಲೂ ತೊಡಕು ತಂದದ್ದು ಅಸ್ತಿತ್ವ, ಗುಣ, ಅಭೇದ, ಸೂಚನೆ ಎಂಬ ನಾಲ್ಕು ಅರ್ಥಗಳು.

ಪದದ ಮೂಲ ಬಹಳ ಹಳೆಯದು. ಇಂಗ್ಲಿಷಿನ ‘ಇಸ್’, ಲ್ಯಾಟಿನ್ನಿನ ‘ಎಸ್ಟ್’, ಗ್ರೀಕಿನ ‘ಎಸ್ತಿ’, ಸಂಸ್ಕೃತದ ‘ಅಸ್ತಿ’ ಇವೆಲ್ಲ ಒಂದೇ ಧಾತುವಿನ ಸಂತಾನ. ‘ಸತ್’, ‘ಸತ್ಯ’ ಎಂಬ ಮಾತುಗಳೂ ಅದೇ ‘ಅಸ್’ ಧಾತುವಿನಿಂದ ಬಂದವು. ಇಂಗ್ಲಿಷಿನ ‘ಬಿ’ ರೂಪ ಸಂಸ್ಕೃತದ ‘ಭೂ’ ಧಾತುವಿಗೂ, ‘ವಾಸ್’ ಎಂಬ ಭೂತಕಾಲದ ರೂಪ ‘ವಾಸಿಸು’ ಎಂಬರ್ಥದ ‘ವಸ್’ ಧಾತುವಿಗೂ ಸಂಬಂಧಿ. ಇರುವುದು, ಆಗುವುದು, ನೆಲೆಸುವುದು ಎಂಬ ಮೂರು ಬೇರೆ ಕ್ರಿಯೆಗಳು ಕಾಲಕ್ರಮದಲ್ಲಿ ಒಂದೇ ಕ್ರಿಯಾಪದದ ರೂಪಗಳಾಗಿ ಬೆರೆತುಹೋದವು.

ಎಲ್ಲ ಭಾಷೆಗಳೂ ಹೀಗೆ ಬೆರೆಸಿಲ್ಲ. ಕನ್ನಡದಲ್ಲಿ ‘ಇವನು ನನ್ನ ತಮ್ಮ’, ‘ಹಾಲು ಬಿಳಿ’ ಎನ್ನಲು ಕ್ರಿಯಾಪದವೇ ಬೇಡ. ‘ಊರಲ್ಲಿ ಕೆರೆ ಇದೆ’ ಎನ್ನಲು ಮಾತ್ರ ‘ಇದೆ’ ಬೇಕು. ‘ಬೆಂಗಳೂರು ಕರ್ನಾಟಕದ ರಾಜಧಾನಿಯಾಗಿದೆ’ ಎಂಬ ಪಠ್ಯಪುಸ್ತಕದ ವಾಕ್ಯದ ಬಾಲ ಇಂಗ್ಲಿಷಿನ ‘ಇಸ್’ಗೆ ಒಂದು ಪ್ರತಿಪದ ಹುಡುಕುವ ಅಭ್ಯಾಸದಿಂದ ಬೆಳೆದದ್ದು. ಆಡುಮಾತಿಗೆ ಅದು ಬೇಕಿಲ್ಲ. ವ್ಯತ್ಯಾಸ ಇನ್ನೂ ಸ್ಪಷ್ಟವಾಗುವುದು ನಿಷೇಧದಲ್ಲಿ. ಇಂಗ್ಲಿಷಿನ ‘ಇಸ್ ನಾಟ್’ ಎಂಬುದಕ್ಕೆ ಕನ್ನಡದಲ್ಲಿ ಎರಡು ಪದಗಳಿವೆ: ಅಸ್ತಿತ್ವವನ್ನು ನಿರಾಕರಿಸಲು ‘ಇಲ್ಲ’, ಅಭೇದವನ್ನೋ ವರ್ಗವನ್ನೋ ನಿರಾಕರಿಸಲು ‘ಅಲ್ಲ’. ‘ಕಲ್ಲು ದೇವರಲ್ಲ’ ಎಂಬುದು ಒಂದು ನಿಲುವು, ‘ಕಲ್ಲಿನಲ್ಲಿ ದೇವರಿಲ್ಲ’ ಎಂಬುದು ಮತ್ತೊಂದು. ಮೊದಲನೆಯದನ್ನು ಒಪ್ಪಿ ಎರಡನೆಯದನ್ನು ಒಪ್ಪದ ಭಕ್ತರು ಎಷ್ಟೋ ಮಂದಿ. ದೇವರು ಎಲ್ಲೆಡೆ ಇರುವವನಾದ್ದರಿಂದ ಕಲ್ಲಿನಲ್ಲೂ ಇದ್ದಾನೆ, ಆದರೆ ಕಲ್ಲೇ ದೇವರಲ್ಲ ಎಂದು ಅವರು ಹೇಳುತ್ತಾರೆ. ಮೂರ್ತಿಪೂಜೆಯ ಕುರಿತ ವಾದಗಳಲ್ಲಿ ಈ ಎರಡನ್ನೂ ಒಂದೇ ಎಂದು ಹಿಡಿದರೆ ವಾದ ದಾರಿತಪ್ಪುತ್ತದೆ. ಕನ್ನಡದ ಕಿವಿಗೆ ಸಹಜವಾಗಿ ಕೇಳುವ ಈ ಅಂತರವನ್ನು ಯುರೋಪಿನ ತತ್ತ್ವಜ್ಞಾನ ಬಹುಕಾಲ ಶ್ರಮಪಟ್ಟು ಬಿಡಿಸಬೇಕಾಯಿತು.

ಆ ಶ್ರಮ ಗ್ರೀಕರಲ್ಲಿ ಆರಂಭವಾಯಿತು. ಕ್ರಿ.ಪೂ. 5ನೆಯ ಶತಮಾನದ ಪಾರ್ಮೆನಿಡೀಸ್ ಪ್ರಕಾರ ಇಲ್ಲದ್ದನ್ನು ಯೋಚಿಸಲೂ ಆಗದು, ಹೇಳಲೂ ಆಗದು. ಹಾಗಿದ್ದರೆ ಬದಲಾವಣೆ ಎಂಬುದೇ ಅಸಾಧ್ಯ. ಯಾವುದೇ ವಸ್ತು ಬದಲಾಗಬೇಕಾದರೆ ಹಿಂದೆ ಇಲ್ಲದ್ದು ಈಗ ಇರಬೇಕು. ಸುಳ್ಳು ಹೇಳುವುದೂ ಅಸಾಧ್ಯ, ಏಕೆಂದರೆ ಸುಳ್ಳು ಎಂದರೆ ಇಲ್ಲದ್ದನ್ನು ಹೇಳುವುದು. ಪ್ಲೇಟೊ ‘ಸೋಫಿಸ್ಟ್’ ಸಂವಾದದಲ್ಲಿ ಈ ಗಂಟನ್ನು ಬಿಚ್ಚಿದ. ಚಲನೆಯು ನಿಶ್ಚಲತೆಯಲ್ಲ ಎಂದಾಗ ಚಲನೆಗೆ ಅಸ್ತಿತ್ವವೇ ಇಲ್ಲವೆಂದು ಅರ್ಥವಲ್ಲ. ಅದು ನಿಶ್ಚಲತೆಗಿಂತ ಬೇರೆ ಎಂದಷ್ಟೇ ಅರ್ಥ. ಕನ್ನಡದಲ್ಲಿ ಹೇಳುವುದಾದರೆ, ಪಾರ್ಮೆನಿಡೀಸ್ ‘ಇಲ್ಲ’ ಎಂದು ಓದಿದ್ದನ್ನು ಪ್ಲೇಟೊ ‘ಅಲ್ಲ’ ಎಂದು ಓದಿದ. 10ನೆಯ ಶತಮಾನದಲ್ಲಿ ಗ್ರೀಕ್ ತರ್ಕವನ್ನು ಅರಬ್ಬಿಯಲ್ಲಿ ವಿವರಿಸಹೊರಟ ತತ್ತ್ವಜ್ಞಾನಿ ಅಲ್ ಫಾರಾಬಿಗೆ ಎದುರಾದದ್ದು ಇದರ ಇನ್ನೊಂದು ಮಗ್ಗುಲು. ಅರಬ್ಬಿ ವಾಕ್ಯಕ್ಕೆ ಕನ್ನಡದ ಹಾಗೆಯೇ ‘ಇಸ್’ ಬೇಕಿಲ್ಲ. ಉದ್ದೇಶ್ಯವನ್ನೂ ವಿಧೇಯವನ್ನೂ ಬೆಸೆಯಲು ಅನುವಾದಕರು ಯಾವ ಯಾವ ಪದ ಹುಡುಕಿದರು, ಅದರಿಂದ ಯಾವ ಗೊಂದಲ ಉಂಟಾದೀತು ಎಂಬುದನ್ನು ಅವನು ವಿಸ್ತಾರವಾಗಿ ಚರ್ಚಿಸಿದ.

ಅರ್ಥಗಳ ವಿಂಗಡಣೆಗೆ ಖಚಿತ ರೂಪ ಕೊಟ್ಟದ್ದು ಆಧುನಿಕ ತರ್ಕಶಾಸ್ತ್ರ. ಜರ್ಮನಿಯ ಗಾಟ್ಲೋಬ್ ಫ್ರೇಗೆ ಅಸ್ತಿತ್ವ, ಅಭೇದ, ಗುಣಾರೋಪ ಇವುಗಳಿಗೆ ತನ್ನ ತರ್ಕಭಾಷೆಯಲ್ಲಿ ಬೇರೆಬೇರೆ ಬರವಣಿಗೆಯನ್ನೇ ಕೊಟ್ಟ. ಬರ್ಟ್ರೆಂಡ್ ರಸೆಲ್ 1918ರಲ್ಲಿ, ಯುದ್ಧವಿರೋಧಿ ಬರಹಕ್ಕಾಗಿ ಲಂಡನ್ನಿನ ಬ್ರಿಕ್ಸ್‌ಟನ್ ಸೆರೆಮನೆಯಲ್ಲಿದ್ದಾಗ, ಗಣಿತದ ತತ್ತ್ವಜ್ಞಾನಕ್ಕೆ ಪ್ರವೇಶಿಕೆಯಾಗುವ ಪುಸ್ತಕವೊಂದನ್ನು ಬರೆದ. ಗುಣಾರೋಪ ಮತ್ತು ಅಭೇದ ಎಂಬ ಇಷ್ಟು ಬೇರೆಯಾದ ಎರಡು ಕಲ್ಪನೆಗಳಿಗೆ ಒಂದೇ ಪದ ಬಳಸುವುದು ಮನುಕುಲಕ್ಕೇ ನಾಚಿಕೆಗೇಡು ಎಂದು ಅದರಲ್ಲಿ ಸಿಡುಕಿದ. ಆ ಸಿಡುಕು ಅತಿಯಾಯಿತು. ಮನುಕುಲದ ಅನೇಕ ಭಾಷೆಗಳು ಆ ತಪ್ಪನ್ನು ಮಾಡಿಲ್ಲ, ಮಾಡಿದವುಗಳಲ್ಲೂ ಜನ ದಿನನಿತ್ಯದ ಮಾತಿನಲ್ಲಿ ಎಡವುವುದಿಲ್ಲ. ಎಡವುವುದು ಮಾತು ಕಣ್ಣಿಗೆ ಕಾಣದ ಸಂಗತಿಗಳ ಕಡೆಗೆ ತಿರುಗಿದಾಗ.

ಅಂಥ ಮೊದಲ ಸಂಗತಿ ದೇವರ ಅಸ್ತಿತ್ವ. 11ನೆಯ ಶತಮಾನದ ಕ್ರೈಸ್ತ ಸಂನ್ಯಾಸಿ ಆನ್ಸೆಲ್ಮ್ ದೇವರಿಗೆ ಒಂದು ಲಕ್ಷಣ ಕೊಟ್ಟ: ಯಾವುದಕ್ಕಿಂತ ದೊಡ್ಡದನ್ನು ಕಲ್ಪಿಸಿಕೊಳ್ಳಲು ಸಾಧ್ಯವಿಲ್ಲವೋ ಅದೇ ದೇವರು. ಅಂಥದ್ದು ಮನಸ್ಸಿನ ಕಲ್ಪನೆಯಾಗಿ ಮಾತ್ರ ಇದ್ದು ವಾಸ್ತವದಲ್ಲಿ ಇಲ್ಲದಿದ್ದರೆ, ವಾಸ್ತವದಲ್ಲೂ ಇರುವಂಥದ್ದನ್ನು ಅದಕ್ಕಿಂತ ದೊಡ್ಡದೆಂದು ಕಲ್ಪಿಸಬಹುದಲ್ಲ? ಆದ್ದರಿಂದ ದೇವರು ಇರಲೇಬೇಕು. ಗೌನಿಲೊ ಎಂಬ ಮತ್ತೊಬ್ಬ ಸಂನ್ಯಾಸಿ ಕೂಡಲೇ ಆಕ್ಷೇಪಿಸಿದ. ಇದೇ ಕ್ರಮದಲ್ಲಿ ಎಲ್ಲಕ್ಕಿಂತ ಶ್ರೇಷ್ಠವಾದ ದ್ವೀಪವೊಂದು ಇರಲೇಬೇಕೆಂದೂ ಸಾಧಿಸಬಹುದು ಎಂಬುದು ಅವನ ಮಾತು. ದೋಷ ಎಲ್ಲಿದೆಯೆಂದು ಬೆರಳಿಟ್ಟು ತೋರಿಸಿದವನು 1781ರಲ್ಲಿ ಇಮ್ಯಾನುಯೆಲ್ ಕಾಂಟ್. ‘ದೇವರು ದಯಾಮಯ’ ಎಂಬ ವಾಕ್ಯ ದೇವರ ಕಲ್ಪನೆಗೆ ಒಂದು ಗುಣವನ್ನು ಸೇರಿಸುತ್ತದೆ. ‘ದೇವರು ಇದ್ದಾನೆ’ ಎಂಬ ವಾಕ್ಯ ಆ ಕಲ್ಪನೆಗೆ ಏನನ್ನೂ ಸೇರಿಸುವುದಿಲ್ಲ. ಕಲ್ಪನೆಯ ನೂರು ನಾಣ್ಯಗಳಿಗಿಂತ ಕೈಯಲ್ಲಿರುವ ನೂರು ನಾಣ್ಯಗಳಲ್ಲಿ ಒಂದು ಬಿಡಿಕಾಸೂ ಹೆಚ್ಚಿಲ್ಲ. ಫ್ರೇಗೆ ಇದನ್ನೇ ಮುಂದುವರಿಸಿ, ಅಸ್ತಿತ್ವವೆಂಬುದು ವಸ್ತುವಿನ ಗುಣವಲ್ಲ, ಕಲ್ಪನೆಯೊಂದಕ್ಕೆ ಹೊಂದುವ ವಸ್ತುಗಳ ಸಂಖ್ಯೆ ಸೊನ್ನೆಯಲ್ಲ ಎಂಬ ಹೇಳಿಕೆ ಎಂದ. ಇಂಗ್ಲಿಷಿನಲ್ಲಿ ದೇವರ ಕುರಿತ ಆ ಎರಡೂ ವಾಕ್ಯಗಳು ‘ಗಾಡ್ ಇಸ್’ ಎಂದೇ ಆರಂಭವಾಗುವುದರಿಂದ ಅವು ಒಂದೇ ಜಾತಿಯವೆಂಬ ಭ್ರಮೆ ಹುಟ್ಟುತ್ತದೆ.

ಇಷ್ಟರಿಂದ ಬಿದ್ದುಹೋದದ್ದು ಒಂದು ಪ್ರಮಾಣ ಮಾತ್ರ, ದೈವನಂಬಿಕೆಯಲ್ಲ. ಭಾರತದ ನ್ಯಾಯದರ್ಶನದವರಾದ ನೈಯಾಯಿಕರ ದಾರಿಯೇ ಬೇರೆ ಎಂಬುದನ್ನು ಇಲ್ಲಿ ನೆನೆಯಬೇಕು. ಉದಯನಾಚಾರ್ಯರು ‘ನ್ಯಾಯಕುಸುಮಾಂಜಲಿ’ಯಲ್ಲಿ ಈಶ್ವರನ ಲಕ್ಷಣದೊಳಗಿಂದ ಅವನ ಇರವನ್ನು ಹೊರತೆಗೆಯಲು ಹೋಗಲಿಲ್ಲ. ಜಗತ್ತು ಒಂದು ಕಾರ್ಯ, ಕಾರ್ಯಕ್ಕೆ ಕರ್ತೃ ಬೇಕು ಎಂಬ ಅನುಮಾನದಿಂದ, ಅಂದರೆ ತರ್ಕದ ಊಹೆಯಿಂದ, ಹೊರಟರು. ಆ ಅನುಮಾನಕ್ಕೆ ಅದರದೇ ಆಕ್ಷೇಪಗಳಿವೆ, ಆದರೆ ಕಾಂಟ್ ತೋರಿಸಿದ ದೋಷ ಅದಕ್ಕೆ ತಟ್ಟುವುದಿಲ್ಲ.

ಈ ಪದದ ಮೇಲೆ ಕ್ರೈಸ್ತ ಜಗತ್ತಿನಲ್ಲಿ ನಡೆದ ಅತಿ ಕಠಿಣ ಜಗಳ 16ನೆಯ ಶತಮಾನದ್ದು. ಶಿಲುಬೆಗೇರುವ ಹಿಂದಿನ ರಾತ್ರಿ ಯೇಸು ರೊಟ್ಟಿಯನ್ನು ಮುರಿದು, ಅದು ತನ್ನ ದೇಹವೆಂದು ಹೇಳಿ ಶಿಷ್ಯರಿಗೆ ಕೊಟ್ಟನೆಂದು ಸುವಾರ್ತೆಗಳು ತಿಳಿಸುತ್ತವೆ. ಕರ್ನಾಟಕದ ಕಥೋಲಿಕರು ಪರಮಪ್ರಸಾದ ಎಂದೂ ಪ್ರಾಟೆಸ್ಟಂಟರು ಕರ್ತನ ಭೋಜನ ಎಂದೂ ಕರೆಯುವ ಸಂಸ್ಕಾರಕ್ಕೆ ಈ ಮಾತೇ ಆಧಾರ. ಆ ವಾಕ್ಯದ ‘ಇಸ್’ ಯಾವ ‘ಇಸ್’? ರೋಮಿನ ಸಭೆಯ ಬೋಧೆಯಂತೆ ರೊಟ್ಟಿಯ ಬಣ್ಣ, ರುಚಿ, ಆಕಾರ ಹಾಗೇ ಉಳಿದು ಅದರ ತತ್ತ್ವವೇ ಕ್ರಿಸ್ತನ ದೇಹವಾಗಿ ಮಾರ್ಪಡುತ್ತದೆ. 1215ರ ಲ್ಯಾಟರನ್ ಮಹಾಸಭೆ ಈ ಮಾರ್ಪಾಡಿನ ಪರಿಭಾಷೆಯನ್ನು ಅಧಿಕೃತವಾಗಿ ಬಳಸಿತು. ಜರ್ಮನಿಯ ಸುಧಾರಕ ಮಾರ್ಟಿನ್ ಲೂಥರ್ ಆ ವಿವರಣೆಯನ್ನು ತಿರಸ್ಕರಿಸಿದ. ಆದರೆ ಕ್ರಿಸ್ತನ ದೇಹ ರೊಟ್ಟಿಯೊಡನೆ ನಿಜವಾಗಿಯೂ ಇದೆ ಎಂಬುದನ್ನು ಬಿಡಲಿಲ್ಲ. ಜ್ಯೂರಿಕ್ ನಗರದ ಸುಧಾರಕ ಹುಲ್ಡ್ರಿಕ್ ಜ್ವಿಂಗ್ಲಿ, ಹಾಲೆಂಡಿನ ವಕೀಲ ಕೊರ್ನೆಲಿಸ್ ಹೂನ್ ಎಂಬವನ ಪತ್ರವೊಂದರಿಂದ ಬೆಳಕು ಪಡೆದು, ಇಲ್ಲಿ ‘ಎಸ್ಟ್’ ಎಂದರೆ ‘ಸೂಚಿಸುತ್ತದೆ’ ಎಂದು ವಾದಿಸಿದ. ಯೇಸು ತನ್ನನ್ನು ದ್ರಾಕ್ಷಿಬಳ್ಳಿ ಎಂದು ಕರೆದುಕೊಂಡದ್ದನ್ನು, ಫರೋಹನ ಕನಸಿನ ಏಳು ಹಸುಗಳು ಏಳು ವರ್ಷಗಳೆಂದು ಯೋಸೇಫ ಹೇಳಿದ್ದನ್ನು ಯಾರೂ ಅಕ್ಷರಾರ್ಥದಲ್ಲಿ ಓದುವುದಿಲ್ಲ. ಇದನ್ನೇಕೆ ಹಾಗೆ ಓದಬೇಕು ಎಂಬುದು ಅವನ ಪ್ರಶ್ನೆ.

1529ರ ಅಕ್ಟೋಬರ್ ಮೊದಲ ವಾರದಲ್ಲಿ ಹೆಸ್ಸೆಯ ದೊರೆ ಫಿಲಿಪ್ ಇಬ್ಬರನ್ನೂ ಮಾರ್ಬುರ್ಗ್ ಕೋಟೆಗೆ ಕರೆಸಿದ. ಸುಧಾರಕರು ಒಗ್ಗಟ್ಟಾಗದಿದ್ದರೆ ಕಥೋಲಿಕ ಚಕ್ರವರ್ತಿಯ ಸೇನೆಯನ್ನು ಎದುರಿಸುವುದು ಕಷ್ಟವೆಂದು ಅವನಿಗೆ ತಿಳಿದಿತ್ತು. ಲೂಥರ್ ಯೇಸುವಿನ ಆ ವಾಕ್ಯವನ್ನು ಲ್ಯಾಟಿನ್ನಿನಲ್ಲಿ ಸೀಮೆಸುಣ್ಣದಿಂದ ಮೇಜಿನ ಮೇಲೆ ಬರೆದುಕೊಂಡು, ಅದರಿಂದ ಒಂದಿಂಚೂ ಕದಲಲಿಲ್ಲ. 15 ವಿಧಿಗಳಲ್ಲಿ 14ಕ್ಕೆ ಒಪ್ಪಿಗೆ ದೊರೆಯಿತು. ಹದಿನೈದನೆಯದರಲ್ಲಿ, ಕ್ರಿಸ್ತನ ದೇಹ ರೊಟ್ಟಿಯಲ್ಲಿ ಇದೆಯೇ ಎಂಬ ಅಂಶ ಒಪ್ಪಂದವಾಗದೆ ಉಳಿಯಿತು. ಎರಡು ವರ್ಷಗಳ ಬಳಿಕ ಜ್ವಿಂಗ್ಲಿ ಕಾಪೆಲ್ ಯುದ್ಧದಲ್ಲಿ ಸತ್ತ. ಲೂಥರನ್ ಸಭೆಗಳೂ ಜ್ವಿಂಗ್ಲಿಯ ಸಾಲಿನ ರಿಫಾರ್ಮ್ಡ್ ಸಭೆಗಳೂ ಶತಮಾನಗಳ ಕಾಲ ಬೇರೆಬೇರೆ ಉಳಿದವು.

ಈ ವಾದದಲ್ಲಿ ಎಲ್ಲರ ಕಣ್ಣೂ ‘ಎಸ್ಟ್’ ಮೇಲೆ ಇರಲಿಲ್ಲ ಎಂಬುದು ಗಮನಿಸಬೇಕಾದ ಸಂಗತಿ. ಕಾರ್ಲ್‌ಸ್ಟಾಟ್ ಎಂಬ ಸುಧಾರಕ ‘ಇದು’ ಎಂಬ ಪದವನ್ನು ಹಿಡಿದು, ಯೇಸು ಆಗ ಬೆರಳು ತೋರಿಸಿದ್ದು ರೊಟ್ಟಿಯನ್ನಲ್ಲ, ತನ್ನ ಶರೀರವನ್ನೇ ಎಂದ. ಬಾಸೆಲ್ ನಗರದ ಎಕೊಲಾಂಪಾಡಿಯಸ್ ‘ದೇಹ’ ಎಂಬ ಪದಕ್ಕೆ ‘ದೇಹದ ಚಿಹ್ನೆ’ ಎಂದು ಅರ್ಥ ಹೇಳಿದ. ವಾಕ್ಯದ ಮೂರು ಮುಖ್ಯ ಪದಗಳಲ್ಲಿ ಒಬ್ಬೊಬ್ಬರು ಒಂದೊಂದು ಪದವನ್ನು ಬಾಗಿಸಿ ಉಳಿದೆರಡನ್ನು ನೇರವಾಗಿ ಉಳಿಸಿಕೊಂಡರು. ಯೇಸು ಆಡುತ್ತಿದ್ದ ಅರಾಮಿಕ್ ಭಾಷೆಯಲ್ಲಿ ಇಂಥ ವಾಕ್ಯಕ್ಕೆ ಕನ್ನಡದಂತೆಯೇ ಕ್ರಿಯಾಪದ ಬೇಕಿಲ್ಲ. ಆದ್ದರಿಂದ ಕ್ರಿಯಾಪದದ ಮೇಲಿನ ಜಗಳವೆಲ್ಲ ಗ್ರೀಕ್ ಮತ್ತು ಲ್ಯಾಟಿನ್ ರೂಪಗಳ ಮೇಲಿನ ಜಗಳ ಎನ್ನುವವರುಂಟು. ಅದು ಅರ್ಧ ಸರಿ. ಪದ ಮರೆಯಾದರೂ ಪ್ರಶ್ನೆ ಮರೆಯಾಗದು. ‘ಇದು ನನ್ನ ದೇಹ’ ಎಂದು ಕನ್ನಡದಲ್ಲಿ ಹೇಳಿದರೂ ಅದು ಫೋಟೊದ ಅಜ್ಜನಂತೆಯೋ, ಬೆಳ್ಳಿ ಮತ್ತು ಸಂಜೆಯ ಚುಕ್ಕಿಯಂತೆಯೋ ಎಂದು ಕೇಳಲೇಬೇಕಾಗುತ್ತದೆ.

ಸಭೆಗಳ ನಡುವಿನ ಈ ಒಡಕಿಗೆ ಪರಿಹಾರ ಬಂದದ್ದು 1973ರಲ್ಲಿ, ಸ್ವಿಟ್ಜರ್ಲೆಂಡಿನ ಲಾಯೆನ್‌ಬೆರ್ಗ್‌ನಲ್ಲಿ ಆದ ಒಪ್ಪಂದದಿಂದ. ಯುರೋಪಿನ ಅನೇಕ ಲೂಥರನ್ ಮತ್ತು ರಿಫಾರ್ಮ್ಡ್ ಸಭೆಗಳು ಒಂದೇ ಮೇಜಿನಲ್ಲಿ ಕರ್ತನ ಭೋಜನ ಸ್ವೀಕರಿಸಲು ಒಪ್ಪಿದವು. ಒಪ್ಪಂದದ ಮಾತುಗಳಲ್ಲಿ ಭಾರ ಹೊತ್ತದ್ದು ‘ಕೊಡುವುದು’ ಎಂಬ ಕ್ರಿಯೆ: ಕ್ರಿಸ್ತನು ರೊಟ್ಟಿ ಮತ್ತು ದ್ರಾಕ್ಷಾರಸದೊಡನೆ ತನ್ನನ್ನೇ ಕೊಡುತ್ತಾನೆ. ರೊಟ್ಟಿ ಏನು ಎಂಬುದಕ್ಕಿಂತ ಅಲ್ಲಿ ಏನು ನಡೆಯುತ್ತದೆ ಎಂಬುದು ಮುಂದೆ ಬಂತು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನಲ್ಲಿ ಈ ಎರಡೂ ಪರಂಪರೆಗಳವರು ಮೊದಲಿನಿಂದಲೇ ಒಟ್ಟಾಗಿ ದುಡಿದಿದ್ದರು.

ವೈದಿಕ ಮೀಮಾಂಸಕರು ಇದೇ ಬಗೆಯ ವಾಕ್ಯಗಳನ್ನು ಬಹಳ ಹಿಂದೆಯೇ ಎದುರಿಸಿದ್ದರು. ಯಜ್ಞದ ಯೂಪಸ್ತಂಭವು ಸೂರ್ಯ, ದರ್ಭೆಯ ಕಟ್ಟು ಯಜಮಾನ ಎನ್ನುವ ಮಾತುಗಳು ವೇದದಲ್ಲಿವೆ. ವೇದ ಸುಳ್ಳಾಡದು, ಕಣ್ಣೂ ಸುಳ್ಳಾಡುತ್ತಿಲ್ಲ. ಹಾಗಾಗಿ ಜೈಮಿನಿಸೂತ್ರಗಳೂ ಶಬರಭಾಷ್ಯವೂ ಇವನ್ನು ಗೌಣಪ್ರಯೋಗವೆಂದು ಬಿಡಿಸುತ್ತವೆ: ಯೂಪ ಸೂರ್ಯನಂತೆ ಹೊಳೆಯುತ್ತದೆ, ದರ್ಭೆ ಯಜಮಾನನ ಕೆಲಸವನ್ನು ನೆರವೇರಿಸುತ್ತದೆ. ಗೌಣಾರ್ಥಕ್ಕೆ ಹೋಗಲು ಅವರು ಒಂದು ಷರತ್ತು ಹಾಕಿದರು. ಮುಖ್ಯಾರ್ಥ ಹೊಂದದಿದ್ದಾಗ ಮಾತ್ರ ಆ ದಾರಿ. ಎಲ್ಲಿ ಹೊಂದುವುದಿಲ್ಲ ಎಂಬುದೇ ವೇದಾಂತಿಗಳ ನಡುವೆ ದೊಡ್ಡ ಪ್ರಶ್ನೆಯಾಯಿತು.

ಛಾಂದೋಗ್ಯೋಪನಿಷತ್ತಿನ ಆರನೆಯ ಅಧ್ಯಾಯದಲ್ಲಿ ಉದ್ದಾಲಕ ಆರುಣಿ, ಹನ್ನೆರಡು ವರ್ಷ ಓದಿ ಬೀಗುತ್ತ ಮನೆಗೆ ಬಂದ ಮಗ ಶ್ವೇತಕೇತುವಿಗೆ ಆಲದ ಬೀಜ, ನೀರಲ್ಲಿ ಕರಗಿದ ಉಪ್ಪು, ಕಡಲು ಸೇರುವ ನದಿಗಳಂಥ ದೃಷ್ಟಾಂತಗಳಿಂದ ಉಪದೇಶಿಸುತ್ತಾನೆ. ಒಂಬತ್ತು ಬಾರಿ ಮರುಕಳಿಸುವ ಮಾತು ‘ತತ್ತ್ವಮಸಿ’ (ತತ್, ತ್ವಮ್, ಅಸಿ: ‘ಅದು ನೀನು’). ಇಂಗ್ಲಿಷ್ ಅನುವಾದಗಳಲ್ಲಿ ‘ಆರ್ಟ್’ ಎಂದೋ ‘ಆರ್’ ಎಂದೋ ಬರುವ ‘ಅಸಿ’, ‘ಇಸ್’ನ ಒಡಹುಟ್ಟೇ. ಈ ಮೂರು ಪದಗಳ ಮೇಲೆ ಮೂರು ದರ್ಶನಗಳು ನಿಂತಿವೆ. ಅದ್ವೈತದ ಶೃಂಗೇರಿ, ವಿಶಿಷ್ಟಾದ್ವೈತದ ಮೇಲುಕೋಟೆ, ದ್ವೈತದ ಉಡುಪಿ ಮೂರೂ ಇರುವ ಕರ್ನಾಟಕದ ನೆಲ ಆ ವಾದಗಳನ್ನು ಹತ್ತಿರದಿಂದ ಕಂಡಿದೆ.

ಅದ್ವೈತಿಗಳಿಗೆ ‘ಅಸಿ’ ಕಟ್ಟುನಿಟ್ಟಾದ ಅಭೇದ. ಆದರೆ ಸರ್ವಜ್ಞನಾದ ಈಶ್ವರನೂ ಅಲ್ಪಜ್ಞನಾದ ಜೀವನೂ ಒಂದೇ ಎಂದರೆ ವಿರೋಧ ಎದುರಾಗುತ್ತದೆ. ಅದಕ್ಕೆ ಅವರು ‘ಆ ದೇವದತ್ತನೇ ಇವನು’ ಎಂಬ ವಾಕ್ಯವನ್ನು ಉದಾಹರಿಸುತ್ತಾರೆ. ಅಂದು ಅಲ್ಲಿ ಕಂಡದ್ದು, ಇಂದು ಇಲ್ಲಿ ಕಾಣುವುದು ಎಂಬ ವಿಶೇಷಣಗಳನ್ನು ಬಿಟ್ಟರೆ ಉಳಿಯುವ ವ್ಯಕ್ತಿ ಒಬ್ಬನೇ. ಹಾಗೆಯೇ ‘ತತ್’ನಿಂದ ಸರ್ವಜ್ಞತ್ವವನ್ನೂ ‘ತ್ವಮ್’ನಿಂದ ಅಲ್ಪಜ್ಞತ್ವವನ್ನೂ ಬಿಟ್ಟರೆ ಶುದ್ಧ ಚೈತನ್ಯ ಒಂದೇ ಉಳಿಯುತ್ತದೆ. ಈ ಕ್ರಮಕ್ಕೆ ಜಹದಜಹಲ್ಲಕ್ಷಣೆ ಎಂದು ಹೆಸರು.

ವಿಶಿಷ್ಟಾದ್ವೈತದ ರಾಮಾನುಜರಿಗೆ ಈ ಬಿಡುವಿಕೆ ಒಪ್ಪಿಗೆಯಿಲ್ಲ. ಪದಗಳ ಅರ್ಥವನ್ನೇ ಕಳಚಿಹಾಕಿದರೆ ಎರಡು ಪದಗಳನ್ನು ಬಳಸಿದ್ದೇಕೆ? ಸಾಮಾನಾಧಿಕರಣ್ಯವೆಂದರೆ ಬೇರೆಬೇರೆ ವಿಶೇಷಣಗಳುಳ್ಳ ಪದಗಳು ಒಂದೇ ವಸ್ತುವನ್ನು ಹೇಳುವುದು. ‘ನೀಲಕಮಲ’ ಎಂಬಲ್ಲಿ ನೀಲಿಯೂ ಉಳಿಯುತ್ತದೆ, ಕಮಲತ್ವವೂ ಉಳಿಯುತ್ತದೆ. ಜೀವವು ಬ್ರಹ್ಮದ ಶರೀರ. ಆದ್ದರಿಂದ ‘ತ್ವಮ್’ ಎಂಬ ಪದ ಶ್ವೇತಕೇತುವಿನಲ್ಲೇ ನಿಲ್ಲದೆ, ಅವನನ್ನು ಶರೀರವಾಗಿ ಉಳ್ಳ ಅಂತರ್ಯಾಮಿಯವರೆಗೂ ಹೋಗುತ್ತದೆ. ಜಗತ್ಕಾರಣವಾದ ಬ್ರಹ್ಮವೂ ಜೀವಾಂತರ್ಯಾಮಿಯಾದ ಬ್ರಹ್ಮವೂ ಒಂದೇ ಎಂಬುದು ವಾಕ್ಯಾರ್ಥ.

ಮಧ್ವಾಚಾರ್ಯರು ಪದವಿಭಾಗವನ್ನೇ ಬದಲಿಸಿದರು. ಹಿಂದಿನ ‘ಆತ್ಮಾ’ ಪದದೊಡನೆ ಸಂಧಿಯಾಗಿರುವುದರಿಂದ ಅಲ್ಲಿ ‘ಅತತ್’ ಎಂದೂ ಬಿಡಿಸಬಹುದು: ನೀನು ಅದಲ್ಲ. ಉದ್ದಾಲಕನ ದೃಷ್ಟಾಂತಗಳನ್ನೂ ಅವರು ಭೇದದ ಪರವಾಗಿ ಓದಿದರು. ನದಿ ಕಡಲಿಗೆ ಸೇರುತ್ತದೆ, ಕಡಲೇ ಆಗುವುದಿಲ್ಲ. ವ್ಯಾಕರಣದ ಚಾತುರ್ಯವೆಂದು ಇದನ್ನು ಲಘುವಾಗಿ ಕಾಣುವವರಿದ್ದಾರೆ. ಅದು ನ್ಯಾಯವಲ್ಲ. ‘ತತ್’ ಎಂದೇ ಇಟ್ಟುಕೊಂಡರೂ ಸಾದೃಶ್ಯ ಅಥವಾ ಅಧೀನತೆಯ ಅರ್ಥದಲ್ಲಿ ವಾಕ್ಯ ಹೊಂದುತ್ತದೆಂದು ದ್ವೈತ ಪರಂಪರೆ ವಿವರಿಸಿದೆ. ವಿಜಯನಗರ ಕಾಲದ ವ್ಯಾಸತೀರ್ಥರ ‘ನ್ಯಾಯಾಮೃತ’ ಅದ್ವೈತದ ಮೇಲೆ ಎತ್ತಿದ ಆಕ್ಷೇಪಗಳು ಎಷ್ಟು ಬಲವಾಗಿದ್ದವೆಂದರೆ ಮಧುಸೂದನ ಸರಸ್ವತಿಗಳು ಅದಕ್ಕೆ ಉತ್ತರವಾಗಿ ‘ಅದ್ವೈತಸಿದ್ಧಿ’ಯನ್ನೇ ಬರೆಯಬೇಕಾಯಿತು.

ಮಾರ್ಬುರ್ಗಿನಲ್ಲಿ ಕಂಡ ಮಾದರಿ ಇಲ್ಲಿಯೂ ಇದೆ. ಅದ್ವೈತ ‘ಅಸಿ’ಯನ್ನು ನೇರವಾಗಿಟ್ಟು ಎರಡೂ ನಾಮಪದಗಳನ್ನು ತೆಳುವಾಗಿಸಿತು. ವಿಶಿಷ್ಟಾದ್ವೈತ ‘ತ್ವಮ್’ ಅನ್ನು ಹಿಗ್ಗಿಸಿತು. ದ್ವೈತ ‘ತತ್’ಗೆ ಮುಂಚೆ ಸಂಧಿ ಬಿಡಿಸಿತು. ಯಾವ ಪದವನ್ನು ಅಲುಗಿಸಬಾರದು ಎಂಬ ತೀರ್ಮಾನ ವ್ಯಾಕರಣದಿಂದ ಬಂದದ್ದಲ್ಲ. ಭಕ್ತಿ, ಮೋಕ್ಷ, ಜಗತ್ತಿನ ಸತ್ಯತ್ವ ಇವುಗಳ ಬಗ್ಗೆ ಆಯಾ ದರ್ಶನ ಬೇರೆ ಕಾರಣಗಳಿಂದ ತಳೆದ ನಿಲುವೇ ಅದನ್ನು ನಿರ್ಧರಿಸಿತು. 1986ರಲ್ಲಿ ಜೋಯೆಲ್ ಬ್ರೆರೆಟನ್ ಎಂಬ ವಿದ್ವಾಂಸ, ನಪುಂಸಕಲಿಂಗದ ‘ತತ್’ ಪುಲ್ಲಿಂಗದ ‘ತ್ವಮ್’ಗೆ ವಿಧೇಯವಾಗಿ ವೈದಿಕ ಬಳಕೆಯಲ್ಲಿ ಹೊಂದದೆಂದು ವಾದಿಸಿ, ‘ನೀನು ಇರುವುದೂ ಆ ರೀತಿಯಲ್ಲೇ’ ಎಂಬ ಅರ್ಥ ಕೊಟ್ಟ. ಆ ಓದಿನಲ್ಲಿ ‘ಅಸಿ’ ಅಭೇದವನ್ನು ಬಿಟ್ಟು ಇರವಿನ ರೀತಿಯನ್ನು ಹೇಳುವ ಪದವಾಗುತ್ತದೆ.

‘ಅಸ್ತಿ’ ಎಂದು ಬರಿದೇ ಹೇಳುವುದನ್ನೇ ಪ್ರಶ್ನಿಸಿದವರು ಜೈನರು. ಸ್ಯಾದ್ವಾದದ ಪ್ರಕಾರ ಪ್ರತಿ ಹೇಳಿಕೆಗೂ ‘ಸ್ಯಾತ್’, ಅಂದರೆ ‘ಒಂದು ಅಪೇಕ್ಷೆಯಿಂದ’ ಎಂಬ ಗುರುತು ಬೇಕು. ಮಡಕೆಯು ತನ್ನ ದ್ರವ್ಯ, ಕ್ಷೇತ್ರ, ಕಾಲ, ಭಾವಗಳಿಂದ ಇದೆ. ಬಟ್ಟೆಯ ದ್ರವ್ಯ, ಕ್ಷೇತ್ರ, ಕಾಲ, ಭಾವಗಳಿಂದ ಇಲ್ಲ. ಹೀಗಾಗಿ ಅಸ್ತಿ, ನಾಸ್ತಿ ಎರಡೂ ಒಂದೇ ವಸ್ತುವಿಗೆ ಸಲ್ಲುತ್ತವೆ. ಇದು ವಿರುದ್ಧೋಕ್ತಿ ಎಂಬ ಆಕ್ಷೇಪ ಹಳೆಯದು. ಆದರೆ ಪ್ಲೇಟೊ ಮಾಡಿದಂತೆಯೇ ಇಲ್ಲಿನ ‘ನಾಸ್ತಿ’ಯನ್ನು ‘ಅಲ್ಲ’ ಎಂದು ಓದಿದರೆ ವಿರೋಧ ಕರಗುತ್ತದೆ.

‘ಆಸ್ತಿಕ’, ‘ನಾಸ್ತಿಕ’ ಎಂಬ ಪದಗಳೂ ಇದೇ ‘ಅಸ್ತಿ’ಯಿಂದ ಹುಟ್ಟಿದವು. ‘ಇದೆ’ ಎಂಬ ಮತಿ ಉಳ್ಳವನು ಆಸ್ತಿಕ ಎಂದಷ್ಟೇ ಪಾಣಿನಿಯ ಸೂತ್ರ ಸೂಚಿಸುತ್ತದೆ, ಏನು ಇದೆ ಎಂದು ಹೇಳುವುದಿಲ್ಲ. ವ್ಯಾಖ್ಯಾನಕಾರರು ಆ ಖಾಲಿ ಜಾಗದಲ್ಲಿ ಪರಲೋಕವನ್ನು ಇಟ್ಟರು. ದರ್ಶನಗಳನ್ನು ವಿಂಗಡಿಸಿದವರು ವೇದಪ್ರಾಮಾಣ್ಯವನ್ನು ಇಟ್ಟರು. ಇಂದಿನ ಕನ್ನಡದ ಬಳಕೆ ದೇವರನ್ನು ಇಡುತ್ತದೆ. ಜಗತ್ಕರ್ತನಾದ ಈಶ್ವರನನ್ನು ಒಪ್ಪದ ಮೀಮಾಂಸಕ ಎರಡನೆಯ ಅರ್ಥದಲ್ಲಿ ಆಸ್ತಿಕ, ಮೂರನೆಯದರಲ್ಲಿ ಅಲ್ಲ. ಪುನರ್ಜನ್ಮವನ್ನೂ ಕರ್ಮಫಲವನ್ನೂ ನಂಬುವ ಜೈನ ಮೊದಲನೆಯ ಅರ್ಥದಲ್ಲಿ ಆಸ್ತಿಕ, ಎರಡನೆಯದರಲ್ಲಿ ಅಲ್ಲ. ಜೈನಾಚಾರ್ಯ ಹರಿಭದ್ರಸೂರಿ ತನ್ನ ‘ಷಡ್ದರ್ಶನಸಮುಚ್ಚಯ’ದಲ್ಲಿ ಬೌದ್ಧರನ್ನೂ ಜೈನರನ್ನೂ ಆಸ್ತಿಕರ ಸಾಲಿನಲ್ಲೇ ಎಣಿಸಿ, ಭೌತವಾದಿಗಳಾದ ಲೋಕಾಯತರನ್ನು ಮಾತ್ರ ಅದರಿಂದ ಹೊರಗಿಟ್ಟ.